ಸಹಾಯ ಬೇಕು: ಮೊಲ ಸೊರಗಾಕತ್ತದ, ದವಡೆಹಲ್ಲು ನೋಡೋ ಡಾಕ್ಟರ್ ವಿಜಯಪುರದಾಗ ಯಾರದಾರ್ರಿ?

ಎರಡು ವರ್ಷದ ಹೆಣ್ಣು ಮೊಲ. ತಿಂಗಳದಾಗ 1,600 ಗ್ರಾಂನಿಂದ 1,350ಕ್ಕ ಇಳದದ. ಬೆನ್ನ ಸವರಿದ್ರ ಎಲುಬು ಗರಗಸದಂಗ ಕೈಗೆ ಹತ್ತತಾವ. ಹುಲ್ಲು ಬಾಯಾಗ ಹಿಡಿದು ಕೆಳಗ ಬಿಡತದ, ಗದ್ದ ಜೊಲ್ಲಿನಿಂದ ಹಸಿ. ಮುಂದಿನ ಹಲ್ಲು ಸರಿ ಅದಾವ. ದವಡೆಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚತಿರಬೇಕು. ಹಿಕ್ಕಿ ಪರೀಕ್ಷೆಯಾಗ ಕಾಕ್ಸಿಡಿಯಾ (ಕಣ್ಣಿಗೆ ಕಾಣದ ಪರಜೀವಿ), ಜಂತು ಇಲ್ಲ.

ಒಣಹುಲ್ಲು ಯಾವಾಗ್ಲೂ ಮುಂದ ಇರತದ. ಅದರ ಜೋಡಿ ಒಂದು ಹಿಡಿ ಒಣ ಕುದುರೆ ಮಸಾಲೆ (ಲೂಸರ್ನ್) ಮೇವು, ನೀರಾಗ ನೆನೆಸಿದ 40 ಗ್ರಾಂ ಪೆಲೆಟ್ (ಮೊಲದ ಗುಳಿಗಿ ಆಹಾರ). ಕಡಲಿ, ಗೋದಿ, ಬೆಲ್ಲ ಹಾಕ್ರಿ ಅನ್ನಬ್ಯಾಡ್ರಿ: ಪಿಷ್ಟ, ಸಕ್ಕರಿ ಹೆಚ್ಚಾದ್ರ ಕರುಳಿನ ಸೂಕ್ಷ್ಮಜೀವಿ ಏರುಪೇರಾಗಿ ಹೊಟ್ಟಿ ಉಬ್ಬತದ. ಎಳೆ ಜೋಳದ ಪೈರಂತೂ ಬ್ಯಾಡೇ ಬ್ಯಾಡ, ಸೈನೈಡ್ ವಿಷ.

ಅರಿವಳಿಕೆ ಕೊಟ್ಟು ಹಲ್ಲು ತೇಯೋರು ಬಾಗಲಕೋಟೆ, ಬೆಳಗಾವಿ ಕಡೆ ಇದ್ರೂ ತಿಳಸ್ರಿ. ಮುಂಚೆ ಉಪವಾಸ ಕೆಡವೋರು ಮಾತ್ರ ಬ್ಯಾಡ. ಮೊಲ ವಾಂತಿ ಮಾಡಂಗಿಲ್ಲ, ಮೇವು ನಿಂತ್ರ ಕರುಳೂ ನಿಲ್ಲತದ.