ಕಬಿನಿ ಹಿನ್ನೀರಿನ ರೆಸಾರ್ಟ್‌ಗೆ ನಾಯಿ ಕರೆದುಕೊಂಡು ಹೋದವರು ಇದ್ದೀರಾ?

ಸುಬ್ಬಿ ಮನೆಯವರು, ಬಸವನಗುಡಿ
ಮುಂದಿನ ತಿಂಗಳ ಕೊನೆಗೆ ಕಬಿನಿ ಹತ್ತಿರ ಎರಡು ರಾತ್ರಿ ಉಳಿಯೋಣ ಅಂತ ಇದ್ದೇವೆ. ನಮ್ಮ ಸುಬ್ಬಿ ನಾಟಿ ನಾಯಿ, ಐದು ವರ್ಷ. ಒಂದು ರೆಸಾರ್ಟ್‌ನವರು ‘ಪೆಟ್ ಫ್ರೆಂಡ್ಲಿ’ ಅಂತ ಹಾಕಿಕೊಂಡಿದ್ದಾರೆ. ಫೋನ್ ಮಾಡಿದರೆ ಮೊದಲ ಪ್ರಶ್ನೆ, “ಯಾವ ಬ್ರೀಡ್ ಮೇಡಂ?” ನಾಟಿ ಅಂದ ತಕ್ಷಣ ಮಾತಿನ ಧಾಟಿಯೇ ಬದಲಾಯಿತು. ಆಮೇಲೆ, “ತನ್ನಿ, ಆದ್ರೆ ರಾತ್ರಿ ಹೊರಗಡೆ ಗೂಡಲ್ಲಿ ಬಿಡಬೇಕು” ಅಂದರು. ಮನೆಯಲ್ಲಿ ಇವಳು ಮಲಗುವುದು ನಮ್ಮತ್ತೆಯ ಮಂಚದ ಕೆಳಗೆ! ನೀರು ಕಂಡರಂತೂ ಹಾರಿಬಿಡುತ್ತಾಳೆ. ಸಫಾರಿಗೆ ಹೋಗುವಾಗ ನಾಯಿಯನ್ನು ಏನು ಮಾಡುತ್ತೀರಿ?

ಕೋಟೆ ಹುಡುಗ, ವಿಜಯನಗರ
ಅಕ್ಕಾ, ನಮ್ಮೂರು ಎಚ್.ಡಿ. ಕೋಟೆ ಕಡೆ. ಹೊರಗಡೆ ಗೂಡು ಅಂದರೆ ಅಲ್ಲಿಗೆ ಹೋಗಲೇಬೇಡಿ. ಚಿರತೆಗೆ ನಾಯಿಗಿಂತ ಸುಲಭದ ಊಟ ಇಲ್ಲ. ಕತ್ತಲಾದ ಮೇಲೆ ನಾವೇ ನಮ್ಮ ನಾಯಿಗಳನ್ನು ಒಳಗೆ ಕರೆದುಕೊಳ್ಳುತ್ತೇವೆ.

ನೀರಿನ ವಿಷಯ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಕಬಿನಿಯಲ್ಲಿ ಮೊಸಳೆ ಇದೆ. ದೋಣಿ ಸಫಾರಿಗೆ ಹೋದವರಿಗೆ ದಡದಲ್ಲಿ ಬಾಯಿ ತೆರೆದು ಮಲಗಿರುವುದು ಕಾಣುತ್ತದೆ. ಇವಳನ್ನು ಹಿನ್ನೀರಿಗೆ ಬಿಡುವ ಮಾತೇ ಬೇಡ, ದಡದಲ್ಲೂ ಹಗ್ಗ ಬಿಚ್ಚಬೇಡಿ. ಕಬಿನಿ ಬೇಡ, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡಕ್ಕೆ ಹೋಗೋಣ ಅಂದರೂ ಅದೇ ಕಥೆ. ರಂಗನತಿಟ್ಟಿನ ಮೊಸಳೆಗಳು ಪಕ್ಷಿಧಾಮದ ಗಡಿ ನೋಡಿಕೊಂಡು ಈಜುವುದಿಲ್ಲ.

ಬೇಸಿಗೆಯಲ್ಲಾದರೆ ನೀರು ಇಳಿದು ದಡದಲ್ಲಿ ಹುಲ್ಲು ಬರುತ್ತದೆ, ಅದಕ್ಕೆ ಆನೆಗಳು ಬರುತ್ತವೆ. ನಾಯಿ ಬೊಗಳಿ ಆನೆಯನ್ನು ಕೆಣಕುತ್ತದೆ, ಆಮೇಲೆ ಓಡಿ ಬರುವುದು ನಿಮ್ಮ ಹತ್ತಿರಕ್ಕೇ! ಸಫಾರಿಗೆ ನಾಯಿಯನ್ನು ಬಿಡುವುದಿಲ್ಲ. ಅದು ನಾಗರಹೊಳೆ ಹುಲಿ ಕಾಡು, ಮನೆ ನಾಯಿಯ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಕಾಡಿನ ಪ್ರಾಣಿಗಳಿಗೂ ಹರಡಬಹುದು. ಬೆಳಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಹೋಗಿ ಬನ್ನಿ.

ಮಲ್ಲೇಶ್ವರದ ಆಂಟಿ
ಲಸಿಕೆ ಕಾರ್ಡ್ ತೆಗೆದು ನೋಡಮ್ಮ. ರೇಬೀಸ್ ಒಂದೇ ಸಾಲದು, ಇಲಿಜ್ವರದ್ದು, ಅಂದರೆ ಲೆಪ್ಟೋ, ಹಾಕಿಸಿದ್ದೀಯಾ? ಇಲಿ ಉಚ್ಚೆ ಸೇರಿದ ನಿಂತ ನೀರಿನಿಂದ ಬರುತ್ತೆ. ಮನುಷ್ಯರಿಗೂ ತಗುಲುತ್ತೆ. ಮೊದಲ ಸಲ ಆದರೆ ಕೆಲವು ವಾರ ಬಿಟ್ಟು ಎರಡನೇ ಡೋಸ್ ಬೇಕು, ಆಮೇಲೆ ವರ್ಷಕ್ಕೊಂದು. ಹಾಗಾಗಿ ಈ ವಾರವೇ ಡಾಕ್ಟರ ಹತ್ತಿರ ಹೋಗು. ಉಣ್ಣಿಗೂ ಮಾತ್ರೆ ಕೇಳು. ಹುಲ್ಲಲ್ಲಿ ಓಡಾಡಿ ಬಂದ ಮೇಲೆ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಹುಡುಕಲೇಬೇಕು.

ದಾರಿಯಲ್ಲಿ ಮದ್ದೂರು ವಡೆ ಬಿಸಾಕಬೇಡಿ. ಈರುಳ್ಳಿ ನಾಯಿಗೆ ವಿಷ. ಎಷ್ಟು ಜನಕ್ಕೆ ಹೇಳಿದರೂ “ಒಂಚೂರು ಅಲ್ವಾ ಆಂಟಿ” ಅಂತಾರೆ.

ಸುಬ್ಬಿ ಮನೆಯವರು, ಬಸವನಗುಡಿ
ಕಾರ್ಡ್ ನೋಡಿದೆ ಆಂಟಿ, ಲೆಪ್ಟೋ ಲಸಿಕೆಯ ಅವಧಿ ಹೋದ ವರ್ಷವೇ ಮುಗಿದಿದೆ. ನಾಳೆಯೇ ಹೋಗುತ್ತೇವೆ. ಗೂಡಿನ ರೆಸಾರ್ಟ್‌ಗೆ ಬೇಡ ಅಂದುಬಿಟ್ಟೆ. ಇನ್ನೊಂದು ಕಡೆ ನಾಯಿ ರೂಮಲ್ಲೇ ಇರಬಹುದಂತೆ, ದಿನಕ್ಕೆ ಜಾಸ್ತಿ ದುಡ್ಡು, ಈಜುಕೊಳಕ್ಕೆ ಬಿಡಲ್ಲವಂತೆ. ಅತ್ತೆಯವರು, “ನನಗ್ಯಾವ ಹುಲಿ ನೋಡಬೇಕಿದೆ, ನಾನು ಸುಬ್ಬಿ ಜೊತೆ ಇರ್ತೀನಿ” ಅಂದಿದ್ದಾರೆ.

ಕೋಟೆ ಹುಡುಗ, ವಿಜಯನಗರ
ಹಾಗಾದರೆ ಮೆಟ್ಟಿಲಿಲ್ಲದ ಕಾಟೇಜ್ ಕೇಳಿ ಅಕ್ಕಾ. ರಾತ್ರಿ ಉಚ್ಚೆಗೆ ಕರೆದುಕೊಂಡು ಹೋಗಬೇಕಾದರೆ ಅತ್ತೆಯವರನ್ನು ಕಳಿಸಬೇಡಿ, ಟಾರ್ಚ್ ಹಿಡಿದು ಅಲ್ಲಿನ ಕಾವಲಿನವರನ್ನೂ ಜೊತೆಗೆ ಕರೆದುಕೊಂಡು ನೀವೇ ಹೋಗಿ.