ಅಪ್‌ಡೇಟ್: ಮೆಟ್ರೋದಲ್ಲಿ ಸೆಂಟ್ ವಾಸನೆಗೆ ತಲೆನೋವು

ಎರಡು ವಾರದ ಹಿಂದೆ ಕೇಳಿದ್ದೆ: ಮೆಟ್ರೋದಲ್ಲಿ ಯಾರಾದರೂ ಘಾಟು ಸೆಂಟ್ ಹಾಕಿಕೊಂಡು ಪಕ್ಕ ನಿಂತರೆ, ಮೆಜೆಸ್ಟಿಕ್ ಬರುವಷ್ಟರಲ್ಲಿ ತಲೆ ಸಿಡಿಯುತ್ತದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಎನ್95 ಹಾಕಿ ನೋಡಿದೆ. ಪ್ರಯೋಜನ ಆಗಲಿಲ್ಲ. ಅದು ಧೂಳಿನ ಕಣ ತಡೆಯುತ್ತದೆ, ಸೆಂಟಿನ ಆವಿಯನ್ನಲ್ಲ. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿದ್ದಂತೂ ಇನ್ನೂ ಕಷ್ಟವಾಯಿತು, ಎರಡು ಘಾಟು ಸೇರಿ ಹೊಟ್ಟೆ ತೊಳಸಿತು.

ಕೈ ಹಿಡಿದಿದ್ದು ಆಕ್ಟಿವೇಟೆಡ್ ಕಾರ್ಬನ್ ಪದರದ ಮಾಸ್ಕ್. ಅದನ್ನು ಹೇಳಿದ ಅಕ್ಕನಿಗೆ ದೊಡ್ಡ ನಮಸ್ಕಾರ. ಒಳಗಿನ ಬೂದು ಬಣ್ಣದ ಪದರವೇ ವಾಸನೆ ಹೀರಿಕೊಳ್ಳುವುದು. ಪೂರ್ತಿ ಹೋಗುವುದಿಲ್ಲ, ನಿಜ. ಆದರೆ ನಿನ್ನೆ ಜೋರಾಗಿ ಅತ್ತರು ಹಚ್ಚಿದವರ ಪಕ್ಕದಲ್ಲೇ ಬನಶಂಕರಿವರೆಗೂ ನಿಂತು ಬಂದೆ, ತಲೆ ಹಗುರವಾಗಿತ್ತು! ವಾಸನೆ ಮತ್ತೆ ಬರಲು ಶುರುವಾದರೆ ಮಾಸ್ಕ್ ಬದಲಿಸಿ.

ಡಾಕ್ಟರ್‌ಗೂ ತೋರಿಸಿದೆ. ನನಗಿರುವುದು ಅಲರ್ಜಿ ಅಲ್ಲ, ಮೈಗ್ರೇನ್ ಅಂತೆ, ವಾಸನೆ ಅದನ್ನು ಕೆರಳಿಸುತ್ತದೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ: 'ಅನ್‌ಸೆಂಟೆಡ್' ಅಂತ ಬರೆದ ಸೋಪಿನಲ್ಲೂ ಬೇರೆ ವಾಸನೆ ಮುಚ್ಚಲು ಸುಗಂಧ ಸೇರಿಸಿರಬಹುದು. 'ಫ್ರಾಗ್ರೆನ್ಸ್ ಫ್ರೀ' ಅಂತ ಇರುವುದನ್ನೇ ನೋಡಿ ತೊಗೊಳ್ಳಿ.