ಕೊರವ, ಕಾಟ್ಲಾ ಎಷ್ಟು ದೊಡ್ಡದಿದ್ದರೆ ಒಳ್ಳೆಯ ಮೀನು? ಅನುಭವಸ್ಥರು ತಿಳಿಸಿ

ಶಿರಾ ಹೊಸಬ
ಮಾನ್ಯರೇ, ನಾನು ಈ ವರ್ಷವಷ್ಟೇ ಗಾಳದ ರೀಲು ಹಿಡಿದವನು. ಅಮೆರಿಕದ ಬಾಸ್ ಮೀನಿನ ವಿಡಿಯೊಗಳಲ್ಲಿ ಐದು ಪೌಂಡ್ (ಸುಮಾರು ಎರಡೂಕಾಲು ಕೆ.ಜಿ.) ದಾಟಿದರೆ ಸಂಭ್ರಮವೋ ಸಂಭ್ರಮ. ನಮ್ಮ ಊರಿನ ಕೆರೆಯಲ್ಲಿ ನನಗೆ 1.8 ಕೆ.ಜಿ. ತೂಗುವ ಕೊರವ ಸಿಕ್ಕಿತು. ಏರಿಯ ಮೇಲಿದ್ದ ಒಬ್ಬರು ಭೇಷ್ ಎಂದರು, ಇನ್ನೊಬ್ಬರು ಇದು ಇನ್ನೂ ಮರಿ ಎಂದರು. ಇದನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕು? ಡಿಜಿಟಲ್ ತಕ್ಕಡಿ ಕೊಳ್ಳಲೇಬೇಕೆ, ಟೇಪು ಸಾಕೆ?

ಶಿಂಶಾ ದಂಡೆ, ಕುಣಿಗಲ್
ತಕ್ಕಡಿಯನ್ನೇ ಕೊಳ್ಳಿ. ನಾನು ಮಾರ್ಕೋನಹಳ್ಳಿ ಜಲಾಶಯದ ಹಿನ್ನೀರಿನಲ್ಲಿ ಬಹಳ ವರ್ಷಗಳಿಂದ ಹಿಟ್ಟಿನ ಗಾಳ ಹಾಕುತ್ತಿದ್ದೇನೆ. ಮೊದಲು ಕೊಂಡ ಸ್ಪ್ರಿಂಗ್ ತಕ್ಕಡಿ 350 ರೂಪಾಯಿಯದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿದು, ಎಷ್ಟು ಭಾರ ತೂಗುಹಾಕಿದರೂ ಮುಳ್ಳು ಎರಡು ಕೆ.ಜಿ. ದಾಟದಂತಾಯಿತು. ಆಮೇಲಿನ ಡಿಜಿಟಲ್ ತಕ್ಕಡಿಗೆ 900 ಕೊಟ್ಟೆ, ಅದು ನೀರಿಗೆ ಬಿದ್ದು ಸತ್ತಿತು. ಈಗಿನದು 1,650 ರೂಪಾಯಿಯದು, ಬ್ಯಾಟರಿಯ ಖರ್ಚು ಬೇರೆ. ಎರಡು ಲೀಟರ್ ನೀರು ಎರಡು ಕೆ.ಜಿ. ತೂಗುತ್ತದೆಯಾದ್ದರಿಂದ ಪ್ರತಿ ಸಲ ಹೊರಡುವ ಮುನ್ನ ಅಷ್ಟು ನೀರು ತುಂಬಿದ ಬಾಟಲಿಯನ್ನು ತೂಗುತ್ತೇನೆ, ಖಾಲಿ ಬಾಟಲಿಯ ತೂಕವನ್ನು ಕಳೆಯುತ್ತೇನೆ, ಮೀನು ಹಾಕಿ ತೂಗುವ ಒದ್ದೆ ಚೀಲದ ತೂಕವನ್ನೂ ಕಳೆಯದೆ ಬಿಡುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ತೂಗಿದ ಮೇಲೆ ನನ್ನ ಲೆಕ್ಕದಲ್ಲಿ ನಾಲ್ಕು ಕೆ.ಜಿ.ಗಿಂತ ಕಡಿಮೆಯ ಕಾಟ್ಲಾ, ಎರಡೂವರೆಗಿಂತ ಕಡಿಮೆಯ ಕೊರವ ಒಳ್ಳೆಯ ಮೀನಲ್ಲ. ಬಾಸ್ ಮೀನಿನ ವಿಶ್ವದಾಖಲೆಯೂ ತೂಕದ್ದೇ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ ಮೀನು 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕೆ.ಜಿ. ಚಿಲ್ಲರೆ ಇತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಅದಕ್ಕಿಂತ ಒಂದು ಔನ್ಸಿಗೂ ಕಡಿಮೆ ಅಂತರದಲ್ಲಿ ಹೆಚ್ಚು ತೂಗುವ ಮೀನು ಹಿಡಿದರೂ, ದಾಖಲೆ ಮುರಿಯಲು ಬೇಕಾದ ಎರಡು ಔನ್ಸ್ ಅಂತರವಿಲ್ಲವೆಂದು ಇಬ್ಬರನ್ನೂ ಸಮವೆಂದೇ ಘೋಷಿಸಿದರು. ತೂಕದ ವಿಷಯದಲ್ಲಿ ಅಷ್ಟು ಶಿಸ್ತು ಬೇಕು.

ಪಾಲಾರ್ ಬದಿ, ಬೇತಮಂಗಲ
ಕುಣಿಗಲ್ ಹಿರಿಯರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಮೊಟ್ಟೆ ತುಂಬಿದ ಮೀನು ಒಂದು ತೂಕ, ಮೊಟ್ಟೆ ಇಟ್ಟ ಮೀನು ಇನ್ನೊಂದು ತೂಕ, ಉದ್ದವಾದರೋ ಬದಲಾಗುವುದಿಲ್ಲ. ಅಮೆರಿಕದಲ್ಲಿಯೂ ಮನೆಗೆ ಒಯ್ಯಬಹುದಾದ ಬಾಸ್ ಯಾವುದೆಂದು ಸರ್ಕಾರ ಉದ್ದದಿಂದಲೇ ಹೇಳುತ್ತದೆ. ಟೆಕ್ಸಾಸ್‌ನ ಸಾಮಾನ್ಯ ನಿಯಮ ಕನಿಷ್ಠ 14 ಇಂಚು. ತೂಕ ಬೇಕೇ ಬೇಕು ಎನ್ನುವವರಿಗೆ ಅಲ್ಲಿನವರದೇ ಹಳೆಯ ಸೂತ್ರವಿದೆ: ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ, ಇಂಚಿನ ಅಳತೆಗೆ ಪೌಂಡಿನ ಅಂದಾಜು ಸಿಗುತ್ತದೆ. ನಾನು ಮೀನನ್ನು ಒದ್ದೆ ಹಲಗೆಯ ಮೇಲೆ ಮಲಗಿಸಿ, ಬಾಯಿ ಮುಚ್ಚಿಸಿ, ಬಾಲದ ಎರಡೂ ತುದಿ ಕೂಡಿಸಿ ಅಳೆಯುತ್ತೇನೆ. ಟೇಪಿಗೆ 40 ರೂಪಾಯಿ ಆಗಿದೆ, ಅಷ್ಟೇ. ಹಣ ಹೋಗಿದ್ದು ರಾಡು, ರೀಲಿಗೆ: 3,800 ರೂಪಾಯಿಯ ರೀಲಿನ ಒಳಗಿನ ಹಲ್ಲು ಮೊದಲ ದೊಡ್ಡ ಮೀನಿಗೇ ಸವೆದುಹೋಯಿತು, ಅಂಗಡಿಯವರು ಬದಲಿಸಿ ಕೊಡಲಿಲ್ಲ, ರಿಪೇರಿಗೆ 700, ಹೆಣೆದ ದಾರಕ್ಕೆ 1,100, ಕಪ್ಪೆ ಲ್ಯೂರುಗಳನ್ನು (ಕಪ್ಪೆಯಂತೆ ಕಾಣುವ ಕೃತಕ ಎರೆ) ಜೊಂಡು ನುಂಗಿದ್ದಕ್ಕೆ ಲೆಕ್ಕವಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಹೋದ ಆಷಾಢದಲ್ಲಿ ಮರಿಗಳ ಹಿಂಡಿನ ಪಕ್ಕದಲ್ಲಿ 71 ಸೆಂ.ಮೀ. ಕೊರವ ಬಿತ್ತು. ನನಗೆ 60 ಸೆಂ.ಮೀ. ದಾಟಿದ ಕೊರವವೇ ಒಳ್ಳೆಯ ಮೀನು.

ಶಿಂಶಾ ದಂಡೆ, ಕುಣಿಗಲ್
60 ಸೆಂ.ಮೀ. ಕೊರವ ಎರಡು ಕೆ.ಜಿ. ಆಸುಪಾಸಿನದು, ಅದೇ ಉದ್ದದ ಕಾಟ್ಲಾ ಮೂರೂವರೆ ತೂಗುತ್ತದೆ. ಒಂದೇ ಟೇಪಿನಲ್ಲಿ ಎರಡನ್ನೂ ಅಳೆದು ಏನು ತಿಳಿಯುತ್ತೀರಿ? ನಿಮ್ಮ ಸೂತ್ರ ಬಾಸ್ ಮೀನಿನ ಮೈಕಟ್ಟಿಗೆ ಹೊಂದಿದ್ದು.

ಕಂದವಾರ ಕೆರೆಯವನು, ಚಿಕ್ಕಬಳ್ಳಾಪುರ
ನೀವಿಬ್ಬರೂ ನೀರನ್ನೇ ಮರೆತಿದ್ದೀರಿ. ನಮ್ಮ ಕಡೆಯ ಕೆರೆಯಲ್ಲಿ ಮೀನಿನ ಗಾತ್ರವೆಂದರೆ ಕೆರೆ ಎಷ್ಟು ವರ್ಷ ಬತ್ತದೆ ಉಳಿಯಿತು ಎಂಬುದೇ. 2021ರ ನವೆಂಬರ್ ಮಳೆಗೆ ಕೆರೆಗಳು ಕೋಡಿ ಬಿದ್ದವು. ಆ ನೀರು ನಿಂತ ಕೆರೆಗಳಲ್ಲಿ ನಂತರದ ಎರಡು ವರ್ಷ ಮೂರು ಕೆ.ಜಿ. ಕಾಟ್ಲಾ ಅಪರೂಪವೇನೂ ಆಗಿರಲಿಲ್ಲ. 2023ರ ಬರದ ನಂತರ ಅವೇ ಕೆರೆಗಳಲ್ಲಿ ಮತ್ತೆ ಬಿತ್ತನೆ ಮರಿಯಿಂದ ಆರಂಭಿಸಬೇಕಾಯಿತು, ಅಲ್ಲಿ ಒಂದೂವರೆ ಕೆ.ಜಿ. ಸಿಕ್ಕರೂ ನಾನು ಕೈಮುಗಿಯುತ್ತೇನೆ. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿರುವ ಕೋಲಾರದ ಕೆರೆಗಳ ಲೆಕ್ಕವೇ ಬೇರೆ. ಪೋಷಕಾಂಶ ಹೆಚ್ಚಿರುವ ನೀರಿನಲ್ಲಿ ಕಾಟ್ಲಾದ ಆಹಾರವಾದ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯುತ್ತವೆ. ಇದರ ಮೇಲೆ ಕೆರೆಯ ಮೀನು ಹಿಡಿಯಲು ಗುತ್ತಿಗೆ ಪಡೆದ ಗುತ್ತಿಗೆದಾರರ ಕಾಟ. ಒಂದು ಕೆರೆಯಲ್ಲಿ ನನ್ನಿಂದ ದಿನಕ್ಕೆ ಗಾಳವೊಂದಕ್ಕೆ 300 ರೂಪಾಯಿ ಕಟ್ಟಿಸಿಕೊಂಡು, ಹಿಂದಿನ ದಿನವೇ ಬಲೆ ಎಳೆಸಿದ್ದನ್ನು ಬಾಯಿಬಿಡಲಿಲ್ಲ. ಸಂಜೆಯವರೆಗೆ ಕೂತು ಎದ್ದು ಬಂದೆ, ಹಿಂಡಿ, ತೌಡು, ಪೆಟ್ರೋಲು ಸೇರಿ ಏಳುನೂರು ಹೋಯಿತು. ಬಲೆ ತಪ್ಪಿಸಿಕೊಂಡು ಎರಡು ಬೇಸಿಗೆ ಕಂಡ ಮೀನು ಎಷ್ಟೇ ತೂಗಲಿ, ನನಗೆ ಅದೇ ಒಳ್ಳೆಯ ಮೀನು.

ಗೌರಿಬಿದನೂರು ಅಕ್ಕ
ಗುತ್ತಿಗೆದಾರರೆಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ. ನಮ್ಮ ತಂದೆಯವರು ಕೆರೆ ಹರಾಜು ಹಿಡಿದವರು. ಮರಿ ಬಿಟ್ಟು, ಕಾವಲು ಕೂರಿಸಿ, ಬೇಸಿಗೆಗೆ ನೀರು ಇಂಗುವ ಮೊದಲು ಬಲೆ ಎಳೆಯದಿದ್ದರೆ ಹಾಕಿದ ಹಣವೂ ಕೆರೆಯೊಂದಿಗೆ ಬತ್ತುತ್ತದೆ. ಒಂದು ವರ್ಷ ತೂಬಿನ ಬಳಿ ಸತ್ತು ತೇಲಿದ ಮೀನನ್ನು ಟ್ರಾಕ್ಟರಿನಲ್ಲಿ ಸಾಗಿಸಬೇಕಾಯಿತು. ವ್ಯಾಪಾರಿಗೆ ಒಂದು ಕೆ.ಜಿ. ದಾಟಿದ ಕಾಟ್ಲಾ ಒಳ್ಳೆಯ ಮೀನೇ. ನಾನು ಹೇಳಬೇಕಾದದ್ದು ಬೇರೆ ಇದೆ. ಬೇತಮಂಗಲದವರೇ, ಆಷಾಢದಲ್ಲಿ ಮರಿ ಕಾಯುತ್ತಿದ್ದ ಕೊರವದ ಮುಂದೆ ಕಪ್ಪೆ ಲ್ಯೂರು ಎಳೆದಿರಲ್ಲವೇ? ಅದು ಹಸಿವಿಗೆ ಬಾಯಿ ಹಾಕಿದ್ದಲ್ಲ, ಮಕ್ಕಳನ್ನು ಕಾಯಲು ಹಾಕಿದ್ದು. ತಾಯಿ-ತಂದೆಯನ್ನು ಎತ್ತಿದ ಮೇಲೆ ಆ ಕೆಂಪು ಮರಿಗಳನ್ನು ಬೇರೆ ಮೀನುಗಳು ಬಿಡುವುದಿಲ್ಲ. 71 ಅಲ್ಲ, 90 ಸೆಂ.ಮೀ. ಇದ್ದರೂ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಾಲಾರ್ ಬದಿ, ಬೇತಮಂಗಲ
ಅಳೆದು, ಫೋಟೊ ತೆಗೆದು, ಅಲ್ಲೇ ನೀರಿಗೆ ಬಿಟ್ಟಿದ್ದೇನೆ. ಉದ್ದದ ಅಳತೆಯ ಗುಣವೇ ಅದು. ತೂಗುಹಾಕಿ ದವಡೆ ಮುರಿಯುವ ಪ್ರಮೇಯವಿಲ್ಲ. ಮೊದಲು ಮೀನನ್ನು ಕೊಕ್ಕೆಗೆ ನೇತುಹಾಕುವವರನ್ನು ಕೇಳಿ.

ಶಿಂಶಾ ದಂಡೆ, ಕುಣಿಗಲ್
ಒದ್ದೆ ಚೀಲದಲ್ಲಿ ತೂಗುತ್ತೇನೆಂದು ಮೇಲೆಯೇ ಬರೆದಿದ್ದೇನೆ, ಓದಿ ಮಾತನಾಡಿ.

ಗೌರಿಬಿದನೂರು ಅಕ್ಕ
ಬಿಡುವಷ್ಟರಲ್ಲಿ ಎಷ್ಟು ಹೊತ್ತಾಗಿತ್ತು? ಕಾವಲಿಲ್ಲದ ಹಿಂಡು ಚದುರಲು ಗಳಿಗೆ ಸಾಕು. ಶಿರಾ ತಮ್ಮಾ, ನಿಮ್ಮ 1.8 ಕೆ.ಜಿ. ಕೊರವ ಮರಿಯಲ್ಲ. ಒಂದಡಿ ಆಗುವ ಹೊತ್ತಿಗೆ ಕೊರವ ಮೊಟ್ಟೆ ಇಡುವ ವಯಸ್ಸಿಗೆ ಬಂದಿರುತ್ತದೆ, ನಿಮ್ಮದು ಅದನ್ನು ಎಂದೋ ದಾಟಿದೆ.

ಕಂದವಾರ ಕೆರೆಯವನು, ಚಿಕ್ಕಬಳ್ಳಾಪುರ
ಅಕ್ಕಾ, ಮುನ್ನೂರು ರೂಪಾಯಿ ಕಟ್ಟಿಸಿಕೊಳ್ಳುವ ಮೊದಲು ಬಲೆ ಎಳೆಸಿದ್ದನ್ನು ಹೇಳಬೇಕೋ ಬೇಡವೋ, ಅದಕ್ಕೆ ನೀವು ಉತ್ತರ ಕೊಡಲಿಲ್ಲ.

ಗೌರಿಬಿದನೂರು ಅಕ್ಕ
ಹೇಳಬೇಕು. ನಮ್ಮ ಕೆರೆಯಲ್ಲಿ ಬಲೆ ಎಳೆದ ವಾರ ಯಾರಿಂದಲೂ ಗಾಳದ ಹಣ ತೆಗೆದುಕೊಂಡಿಲ್ಲ.